ಟೆಸ್ಲಾ ಕಾಯಿಲ್‌ಗೆ ಟೊರಾಯ್ಡ್ ಬದಲು ಚಿಕ್ಕ ಗೋಳ ಕಳುಹಿಸಿದ ಬಗ್ಗೆ ದೂರು

ವ್ಯವಸ್ಥಾಪಕರಿಗೆ,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಮ್ಮ ಪದವಿಪೂರ್ವ ಕಾಲೇಜಿನ ಪ್ರಯೋಗಾಲಯಕ್ಕೆ ನಿಮ್ಮಿಂದ ಟೆಸ್ಲಾ ಕಾಯಿಲ್ (ಅತಿ ಹೆಚ್ಚು ವೋಲ್ಟೇಜ್ ಉಂಟುಮಾಡಿ ಗಾಳಿಯಲ್ಲಿ ಕಿಡಿ ಹಾರಿಸುವ ಸಾಧನ) ಕಿಟ್ ತರಿಸಿದ್ದೆವು. ಬೆಲೆಪಟ್ಟಿಯಲ್ಲಿ ಅದರ ತುದಿಗೆ 40 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪದ ಅಲ್ಯೂಮಿನಿಯಂ ಟೊರಾಯ್ಡ್ (ದಪ್ಪ ಬಳೆಯಾಕಾರದ ಉಂಗುರ) ಎಂದಿತ್ತು. ಪೆಟ್ಟಿಗೆಯಲ್ಲಿ ಬಂದದ್ದು 15 ಸೆಂ.ಮೀ. ವ್ಯಾಸದ ಗೋಳ. ನೀವು 75 ಸೆಂ.ಮೀ. ಕಿಡಿಯ ಭರವಸೆ ಕೊಟ್ಟಿದ್ದಿರಿ. ಬಂದದ್ದು 20 ಸೆಂ.ಮೀ. ಕೂಡ ಇಲ್ಲ.

ಕರೆ ಮಾಡಿದಾಗ ನಿಮ್ಮ ತಾಂತ್ರಿಕ ಸಿಬ್ಬಂದಿ, "ತುದಿ ಚಿಕ್ಕದಾದಷ್ಟೂ ವೋಲ್ಟೇಜ್ ಹೆಚ್ಚು, ಕಿಡಿಯೂ ಉದ್ದ" ಎಂದರು. ಈ ಮಾತು ಅರ್ಧ ಸತ್ಯ. ಅಷ್ಟೇ ಶಕ್ತಿ ಕಡಿಮೆ ಧಾರಕತೆಗೆ (ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯಕ್ಕೆ) ಸೇರಿದರೆ ವೋಲ್ಟೇಜ್ ಏರಬೇಕು, ನಿಜ. ಆದರೆ ಸೆಂಟಿಮೀಟರಿಗೆ ಸುಮಾರು 30 ಕಿಲೋವೋಲ್ಟ್ ಮುಟ್ಟಿದೊಡನೆ ಗಾಳಿ ವಿದ್ಯುತ್ತನ್ನು ತಡೆಯಲಾರದೆ ಕೈಬಿಡುತ್ತದೆ. ಗೋಳ ಚಿಕ್ಕದಾದ್ದರಿಂದ ಅದರ ಮೈಮೇಲೆ ಆ ಮಿತಿ ಬೇಗ ಬಂದು, ವಿದ್ಯುದಾವೇಶವೆಲ್ಲ ಪೊರಕೆ ಕಡ್ಡಿಗಳಂತೆ ಸುತ್ತಲೂ ಚದುರಿ ಸೋರಿಹೋಗುತ್ತದೆ. ಮೂಡಿದ ಕಿಡಿ ಉದ್ದವಾಗಿ ಬೆಳೆಯಲು ಆ ಕ್ಷಣಕ್ಕೆ ಕೈಗೆ ಸಿಗುವ ಆವೇಶದ ದಾಸ್ತಾನು ಬೇಕು. ದೊಡ್ಡ ಟೊರಾಯ್ಡ್‌ನ ಕೆಲಸವೇ ಅದು.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದಿರುವುದು ಅನುರಣನಕ್ಕೆ, ಅಂದರೆ ಎರಡು ಸುರುಳಿಗಳೂ ಒಂದೇ ಆವೃತ್ತಿಯಲ್ಲಿ ಮಿಡಿಯುವುದಕ್ಕೆ. ತುದಿಯನ್ನು ಹೊತ್ತಿರುವ ನಿಮ್ಮ ದ್ವಿತೀಯಕ ಸುರುಳಿಯ ಪ್ರೇರಕತೆ (ಪ್ರವಾಹದ ಬದಲಾವಣೆಯನ್ನು ವಿರೋಧಿಸುವ ಗುಣ) ಸುಮಾರು 24 ಮಿಲಿಹೆನ್ರಿ, ಅದರ ಸ್ವಂತ ಧಾರಕತೆ ಸುಮಾರು 7.5 ಪಿಕೋಫ್ಯಾರಡ್. ಟೊರಾಯ್ಡ್ ಅದಕ್ಕೆ ಸುಮಾರು 17 ಸೇರಿಸುತ್ತದೆ, ಗೋಳ 8.3 ಮಾತ್ರ. ಧಾರಕತೆ ಇಳಿದರೆ ಆವೃತ್ತಿ ಏರುತ್ತದೆ; ಹೀಗಾಗಿ 206 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಇರಬೇಕಾದ ಆವೃತ್ತಿ 260ಕ್ಕೆ ಜಿಗಿದಿದೆ. ಅದಕ್ಕೆ ಶಕ್ತಿ ಊಡುವ ಪ್ರಾಥಮಿಕ ಸುರುಳಿಯನ್ನೋ ನೀವು ಟೊರಾಯ್ಡ್‌ನ ಲೆಕ್ಕಕ್ಕೇ ಹೊಂದಿಸಿ, ತಂತಿಯ ತುದಿಯನ್ನು ಸರಿಸಲಾಗದಂತೆ ಬೆಸುಗೆ ಹಾಕಿದ್ದೀರಿ. ಒಂದರ ತಾಳ ಇನ್ನೊಂದಕ್ಕೆ ಕೂಡದಿರುವಾಗ ಶಕ್ತಿ ಮೇಲೇರುವುದು ಹೇಗೆ? ಸಿಗ್ನಲ್ ಜನರೇಟರ್ ಮತ್ತು ಆಸಿಲೋಸ್ಕೋಪ್ ಹಿಡಿದು ನನ್ನ ವಿದ್ಯಾರ್ಥಿಗಳೇ ಈ ವ್ಯತ್ಯಾಸವನ್ನು ಅಳೆದಿದ್ದಾರೆ.

ಅವರು ಅಷ್ಟಕ್ಕೇ ಬಿಡಲಿಲ್ಲ. ಅಡುಗೆಮನೆಯ ಚಿಮಣಿಗೆ ಹಾಕುವ ಸುಕ್ಕುಗಟ್ಟಿದ ಅಲ್ಯೂಮಿನಿಯಂ ಕೊಳವೆಯನ್ನು ಎರಡು ತಟ್ಟೆಗಳ ಸುತ್ತ ಬಳಸಿ, ನೀವು ಕಳುಹಿಸಬೇಕಿದ್ದ ಅಳತೆಯ ಟೊರಾಯ್ಡ್ ತಾವೇ ಮಾಡಿದರು. ಅದೇ 450 ವಾಟ್ ಟ್ರಾನ್ಸ್‌ಫಾರ್ಮರ್, ಅದೇ ಸುರುಳಿ; ಕಿಡಿ 60 ಸೆಂ.ಮೀ. ದಾಟಿತು. ಹದಿನೇಳರ ಹರೆಯದ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಸರಿಪಡಿಸಿದ್ದನ್ನು ನಿಮ್ಮ ಸಂಸ್ಥೆ ಮೂರು ತಿಂಗಳಾದರೂ ಒಪ್ಪಿಕೊಂಡಿಲ್ಲ ಎಂಬುದು ನನಗೆ ತೀವ್ರ ನೋವಿನ ಸಂಗತಿ.

ಇದಕ್ಕೂ ದೊಡ್ಡ ಟೊರಾಯ್ಡ್ ಬೇಕೆಂದು ನಾನು ಕೇಳುತ್ತಿಲ್ಲ. ಅಳತೆ ಮೀರಿದರೆ ಈ ಶಕ್ತಿಗೆ ಕಿಡಿ ಹೊರಬೀಳುವುದೇ ಕಷ್ಟ. ಪಟ್ಟಿಯಲ್ಲಿ ಬರೆದದ್ದನ್ನು ಕೊಡಿ. ಚಿಕ್ಕ ಗೋಳದ ಮರೆ ಸಾಲದೆ ದ್ವಿತೀಯಕ ಸುರುಳಿಯ ತುದಿಯ ಬಳಿಯ ಸುತ್ತುಗಳಲ್ಲಿ ತಂತಿಯ ನಿರೋಧಕ ಲೇಪನ (ಎನಾಮಲ್) ಸುಟ್ಟಿದೆ, ಅದನ್ನೂ ಬದಲಿಸಿಕೊಡಿ. ಪ್ರಾಥಮಿಕ ಸುರುಳಿಗೆ ಬೆಸುಗೆಯ ಬದಲು ಸರಿಸಬಹುದಾದ ಕ್ಲಿಪ್ ಒದಗಿಸಿ.

15 ದಿನಗಳೊಳಗೆ ಇವು ತಲುಪದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಬಿಲ್ಲಿನ ಪ್ರತಿ, ಅಳತೆಯ ದಾಖಲೆ ಮತ್ತು ಸುಟ್ಟ ಸುರುಳಿಯ ಚಿತ್ರಗಳನ್ನು ಲಗತ್ತಿಸಿದ್ದೇನೆ.

ಇಂತಿ,
ಭೌತಶಾಸ್ತ್ರ ಉಪನ್ಯಾಸಕ