‘ತಾಂತ್ರಿಕ ದೋಷ’ ಎಂದರೆ ಯಾವ ದೋಷ?

ಮಾನ್ಯ ಸಂಪಾದಕರೇ,

ಸಣ್ಣ ಖಾಸಗಿ ವಿಮಾನವೊಂದು ಬಿದ್ದಾಗ ಅಥವಾ ಯಾವುದೋ ಬಯಲಿನಲ್ಲಿ ಇಳಿದಾಗ, ಮರುದಿನದ ಪತ್ರಿಕೆಗಳಲ್ಲಿ ‘ತಾಂತ್ರಿಕ ದೋಷವೇ ಕಾರಣ ಎನ್ನಲಾಗಿದೆ’ ಎಂಬ ಒಂದು ವಾಕ್ಯ ತಪ್ಪದೆ ಇರುತ್ತದೆ. ಅದನ್ನು ಓದಿದವರ ಮನಸ್ಸಿನಲ್ಲಿ, ಆಕಾಶದಲ್ಲಿ ಯಂತ್ರ ಕೈಕೊಟ್ಟ ಮೇಲೆ ಪಾಪ ಚಾಲಕ ತಾನೇ ಏನು ಮಾಡಿಯಾನು ಎಂಬ ಚಿತ್ರ ಮೂಡಿಬಿಡುತ್ತದೆ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಒಂದೇ ಎಂಜಿನ್ನಿನ, ನಾಲ್ಕು ಸೀಟಿನ ವಿಮಾನಗಳನ್ನು ಹವ್ಯಾಸಕ್ಕಾಗಿ ಹಾರಿಸುತ್ತಿರುವ ನನಗೆ ಈ ವಾಕ್ಯ ಕಂಡಾಗಲೆಲ್ಲ ಕಿರಿಕಿರಿಯಾಗುತ್ತದೆ. ಸಣ್ಣ ವಿಮಾನದಲ್ಲಿ ಏನಾದರೊಂದು ಕೆಡುವುದು ಅಪರೂಪವೇನಲ್ಲ. ನನ್ನ ಹಾರಾಟದ ಪುಸ್ತಕವನ್ನು ತಿರುವಿದರೆ ಸದ್ದಿಲ್ಲದೆ ನಿಂತ ರೇಡಿಯೊ, ಹತ್ತದ ದೀಪ, ಸುಳ್ಳು ಹೇಳಿದ ಮುಳ್ಳು ಇಂಥವು ಹತ್ತಾರು ಸಿಗುತ್ತವೆ, ಮತ್ತು ಅವುಗಳಲ್ಲಿ ಒಂದೂ ಸುದ್ದಿಯಾಗಲಿಲ್ಲ. ಉಪಕರಣ ಕೆಟ್ಟ ನಂತರದ ಒಂದೆರಡು ನಿಮಿಷ ಚಾಲಕನ ಗಮನ ಎಲ್ಲಿತ್ತು ಎಂಬುದರ ಮೇಲೆಯೇ ಬಹುಪಾಲು ಮುಂದಿನದೆಲ್ಲ ನಿಂತಿರುತ್ತದೆ ಎಂಬುದನ್ನು ನಿಮ್ಮ ಓದುಗರಿಗೆ ತಿಳಿಸಲೆಂದು ಈ ಪತ್ರ ಬರೆಯುತ್ತಿದ್ದೇನೆ.

ನನ್ನದೇ ಒಂದು ಪ್ರಸಂಗವನ್ನು ಹೇಳುತ್ತೇನೆ. ಒಂದು ಸಂಜೆ, ಬೆಳಕು ಇನ್ನೂ ಚೆನ್ನಾಗಿರುವಾಗಲೇ, ಬಾಡಿಗೆಗೆ ಪಡೆದ ವಿಮಾನದಲ್ಲಿ ಒಬ್ಬನೇ ಮೂರೂವರೆ ಸಾವಿರ ಅಡಿ ಎತ್ತರದಲ್ಲಿ ಹಿಂತಿರುಗುತ್ತಿದ್ದೆ. ಹೆಡ್‌ಫೋನಿನಲ್ಲಿ ಟವರ್‌ನವರ, ಅಂದರೆ ನಿಲ್ದಾಣದ ನಿಯಂತ್ರಣ ಗೋಪುರದವರ, ಮಾತು ಗೊರಗೊರ ಎನ್ನತೊಡಗಿತು. ರೇಡಿಯೊ ಹಳೆಯದು, ಅದರ ಬುದ್ಧಿಯೇ ಅಷ್ಟು ಎಂದುಕೊಂಡು ಗುಂಡಿ ತಿರುಗಿಸುತ್ತ ಕುಳಿತೆ. ಕೊನೆಗೆ ಕಣ್ಣು, ಬ್ಯಾಟರಿಗೆ ವಿದ್ಯುತ್ ಸೇರುತ್ತಿದೆಯೋ ಅದರಿಂದ ಹೋಗುತ್ತಿದೆಯೋ ಎಂದು ತೋರಿಸುವ ಆಮೀಟರ್ ಮೇಲೆ ಬಿದ್ದಾಗ ಅದರ ಮುಳ್ಳು ಸೊನ್ನೆಯ ಎಡಕ್ಕೆ ವಾಲಿಕೊಂಡಿತ್ತು. ಅಂದರೆ ಆಲ್ಟರ್ನೇಟರ್ ವಿದ್ಯುತ್ ಕೊಡುವುದನ್ನು ನಿಲ್ಲಿಸಿತ್ತು, ನಾನು ಬ್ಯಾಟರಿಯನ್ನು ಬರಿದು ಮಾಡುತ್ತ ಹಾರುತ್ತಿದ್ದೆ. ಎಷ್ಟು ಹೊತ್ತಿನಿಂದ ಹಾಗಿತ್ತೋ ನನಗೆ ಗೊತ್ತಿರಲಿಲ್ಲ. ಕೈ ತಾನಾಗಿ ಸರ್ಕ್ಯೂಟ್ ಬ್ರೇಕರ್ ಕಡೆಗೆ, ಅಂದರೆ ವಿದ್ಯುತ್ ಮಿತಿಮೀರಿ ಹರಿದರೆ ಹೊರಚಿಮ್ಮಿ ಅದನ್ನು ಕಡಿಯುವ ಗುಂಡಿಯ ಕಡೆಗೆ, ಹೋಯಿತು. ಒತ್ತಿದೆ, ಅದು ಹೊರಕ್ಕೆ ಚಿಮ್ಮಿತು. ಮತ್ತೆ ಒತ್ತಿದೆ, ಮತ್ತೆ ಚಿಮ್ಮಿತು. ಒಮ್ಮೆಗಿಂತ ಹೆಚ್ಚು ಒತ್ತಬಾರದು, ಎಲ್ಲೋ ತಂತಿ ಕಾದು ಹೊಗೆ ಎದ್ದೀತು ಎಂದು ತರಬೇತಿಯಲ್ಲಿ ಕಲಿತದ್ದು ಆ ಗಳಿಗೆಯಲ್ಲಿ ನೆನಪಿಗೇ ಬರಲಿಲ್ಲ. ಮೂರನೆಯ ಸಲ ಒತ್ತಲು ಬಗ್ಗಿದವನು ಯಾಕೋ ತಲೆ ಎತ್ತಿ ನೋಡಿದರೆ, ವಿಮಾನ ನಾನು ಹಿಡಿದ ದಿಕ್ಕಿನಿಂದ ಮೂವತ್ತು ಡಿಗ್ರಿ ತಿರುಗಿಕೊಂಡು ಮುನ್ನೂರು ಅಡಿ ಕೆಳಗಿಳಿದಿತ್ತು. ಎದೆ ಧಸಕ್ಕೆಂದದ್ದು ಆಗ, ಆಲ್ಟರ್ನೇಟರ್ ಕೆಟ್ಟಿದೆ ಎಂದು ತಿಳಿದಾಗಲ್ಲ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಇಂಥ ಹೆಚ್ಚಿನ ಸಣ್ಣ ವಿಮಾನಗಳಲ್ಲಿ ಎಂಜಿನ್ನಿಗೆ ಕಿಡಿ ಕೊಡುವುದು ಮ್ಯಾಗ್ನೆಟೊ ಎಂಬ ಎರಡು ಸಾಧನಗಳು, ಮತ್ತು ಅವು ಎಂಜಿನ್ ತಿರುಗುವ ಬಲದಿಂದಲೇ ಕಿಡಿ ಹುಟ್ಟಿಸಿಕೊಳ್ಳುವುದರಿಂದ ಬ್ಯಾಟರಿ ಪೂರ್ತಿ ಸತ್ತರೂ ಎಂಜಿನ್ ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ. ಎತ್ತರ ಮತ್ತು ವೇಗ ತೋರಿಸುವ ಮಾಪಕಗಳು ಗಾಳಿಯ ಒತ್ತಡದಿಂದ ನಡೆಯುತ್ತವೆ, ದಿಕ್ಸೂಚಿಗೆ ಏನೂ ಬೇಕಿಲ್ಲ. ಹೋಗುವುದು ಮುಖ್ಯವಾಗಿ ರೇಡಿಯೊ, ದೀಪ, ರಾಡಾರಿಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್ ಮತ್ತು ನಿಧಾನವಾಗಿ ಇಳಿಯಲೆಂದು ರೆಕ್ಕೆಯ ಹಿಂಬದಿಯಲ್ಲಿ ವಿದ್ಯುತ್ತಿನಿಂದ ಇಳಿಯುವ ಫ್ಲಾಪ್‌ಗಳು. ಹಗಲಿನಲ್ಲಿ, ತಿಳಿ ಆಕಾಶದಲ್ಲಿ, ಇದು ಅನಾನುಕೂಲವೇ ಹೊರತು ಅಪಾಯವೆನ್ನಲು ಆಗದು. ಇದು ನನಗೆ ಬಾಯಿಪಾಠವಾಗಿತ್ತು. ಹಾಗಿದ್ದೂ ಬೆರಳ ತುದಿಯಷ್ಟಿರುವ ಒಂದು ಗುಂಡಿ ನನ್ನ ಗಮನವನ್ನೆಲ್ಲ ನುಂಗಿ ಹಾಕಿತ್ತು.

ಆಮೇಲೆ ಮಾಡಿದ್ದನ್ನು ಸರಿಯಾಗಿಯೇ ಮಾಡಿದೆ ಎಂದುಕೊಂಡಿದ್ದೇನೆ. ಮೊದಲು ವಿಮಾನವನ್ನು ಸಮತಟ್ಟಿಗೆ ತಂದು ದಿಕ್ಕು ಹಿಡಿದೆ, ನಂತರ ಚೆಕ್‌ಲಿಸ್ಟ್ ತೆಗೆದು ಅದರಲ್ಲಿದ್ದಂತೆ ಬೇಡದ ಸ್ವಿಚ್‌ಗಳನ್ನೆಲ್ಲ ಆರಿಸಿದೆ. ಹೊರೆ ಇಳಿಸಿದರೆ, ಒಳ್ಳೆಯ ಸ್ಥಿತಿಯಲ್ಲಿರುವ ಬ್ಯಾಟರಿ ಸುಮಾರು ಅರ್ಧ ಗಂಟೆ ಬರುತ್ತದೆ ಎಂದು ಲೆಕ್ಕ ಹಿಡಿಯುವುದು ವಾಡಿಕೆ. ಆದರೆ ನಾನಾಗಲೇ ಅದರಲ್ಲಿ ಎಷ್ಟು ಖರ್ಚು ಮಾಡಿದ್ದೆನೋ. ಹಾಗಾಗಿ ರೇಡಿಯೊದಲ್ಲಿ ಜೀವ ಇರುವಾಗಲೇ ಟವರ್‌ಗೆ ವಿಷಯ ತಿಳಿಸಿ, ಇನ್ನು ನನ್ನ ಮಾತು ಕೇಳಿಸದಿದ್ದರೆ ದೀಪದ ಸಂಕೇತ ತೋರಿಸಿ ಎಂದು ಕೇಳಿಕೊಂಡೆ. ರೇಡಿಯೊ ಸತ್ತವರಿಗಾಗಿ ಟವರ್‌ಗಳಲ್ಲಿ ಬಣ್ಣದ ಬೆಳಕು ಬಿಡುವ ದೀಪವೊಂದು ಇರುತ್ತದೆ: ಹಾರುತ್ತಿರುವವರಿಗೆ ನಿಶ್ಚಲ ಹಸಿರು ಕಂಡರೆ ಇಳಿಯಬಹುದು, ನಿಶ್ಚಲ ಕೆಂಪು ಕಂಡರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರಬೇಕು. ಪರೀಕ್ಷೆಗಾಗಿ ಕಲಿತು ಮರೆಯುವ ಪಾಠಗಳಲ್ಲಿ ಇದೂ ಒಂದು. ನಿಲ್ದಾಣ ಕಣ್ಣಿಗೆ ಬೀಳುವಷ್ಟರಲ್ಲಿ ರೇಡಿಯೊ ಮೌನವಾಗಿತ್ತು. ಗೋಪುರದ ಗಾಜಿನ ಹಿಂದೆ ಹೊಳೆದ ಆ ಹಸಿರು ಚುಕ್ಕೆಯನ್ನು ನೋಡಿಕೊಂಡು, ಫ್ಲಾಪ್ ಇಲ್ಲದ್ದರಿಂದ ವೇಗವನ್ನು ತುಸು ಹೆಚ್ಚಿಟ್ಟು, ರನ್‌ವೇಯ ಬಹುಭಾಗವನ್ನು ಬಳಸಿ ನಿಂತೆ.

ಮೆಕ್ಯಾನಿಕ್ ಎಂಜಿನ್ನಿನ ಮುಚ್ಚಳ ತೆಗೆದು, ಆಲ್ಟರ್ನೇಟರ್ ಹಿಂದಿನ ತಂತಿಯನ್ನು ಬೆರಳಿನಿಂದ ಅಲ್ಲಾಡಿಸಿ ತೋರಿಸಿದರು. ಹಿಡಿದಿಟ್ಟಿದ್ದ ನಟ್ಟು ಸಡಿಲಾಗಿ, ತಂತಿಯ ಹೊದಿಕೆ ಸವೆದು, ತಾಮ್ರ ಲೋಹಕ್ಕೆ ತಗುಲುತ್ತಿತ್ತು. ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಆ ಬ್ರೇಕರ್ ಹಿಂದಿನ ವಾರವೇ ಒಮ್ಮೆ ಚಿಮ್ಮಿದ್ದನ್ನು ಬೇರೊಬ್ಬ ಚಾಲಕರು ಕಂಡಿದ್ದರು, ಒತ್ತಿದಾಗ ಒಳಗೇ ನಿಂತಿತೆಂದು ಸುಮ್ಮನಾಗಿದ್ದರು, ವಿಮಾನದ ದೋಷಪುಸ್ತಕದಲ್ಲಿ ಒಂದು ಸಾಲೂ ಬರೆದಿರಲಿಲ್ಲ. ಬರೆದರೆ ರಿಪೇರಿ ಮುಗಿಯುವವರೆಗೆ ವಿಮಾನ ನಿಲ್ಲಬೇಕಾಗುತ್ತದೆ, ವಾರಾಂತ್ಯದ ಹಾರಾಟ ತಪ್ಪುತ್ತದೆ ಎಂಬ ಲೆಕ್ಕಾಚಾರ ನಮ್ಮ ಹವ್ಯಾಸಿ ವಲಯದಲ್ಲಿ ಎಲ್ಲೆಡೆ ಇದ್ದದ್ದೇ. ಅದರ ಫಲ ಉಣ್ಣುವವನು ಮಾತ್ರ ಮುಂದಿನ ಚಾಲಕ.

ಚಿಕ್ಕ ದೋಷವೊಂದು ಎಲ್ಲರ ಗಮನವನ್ನೂ ನುಂಗುವುದಕ್ಕೆ ವಿಮಾನಯಾನದಲ್ಲಿ ಎಲ್ಲರೂ ಹೇಳುವ ಉದಾಹರಣೆ ದೊಡ್ಡ ವಿಮಾನದ್ದು. 1972ರ ಡಿಸೆಂಬರ್ 29ರ ರಾತ್ರಿ ಮಯಾಮಿಯಲ್ಲಿ ಇಳಿಯಬೇಕಿದ್ದ ಈಸ್ಟರ್ನ್ ಏರ್‌ಲೈನ್ಸ್ 401ರಲ್ಲಿ ಮುಂದಿನ ಚಕ್ರ ಇಳಿದಿದೆ ಎಂದು ತೋರಿಸುವ ಹಸಿರು ದೀಪ ಹತ್ತಲಿಲ್ಲ. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಆ ಬಲ್ಬಿನ ಹಿಂದೆ ಬಿದ್ದರು. ಎತ್ತರವನ್ನು ಕಾಯುತ್ತಿದ್ದ ಆಟೊಪೈಲಟ್‌ನ ಹಿಡಿತ ತಪ್ಪಿದ್ದು ಅವರ ಅರಿವಿಗೆ ಬರಲೇ ಇಲ್ಲ. ವಿಮಾನ ನಿಧಾನವಾಗಿ ಇಳಿಯುತ್ತ ಬಂದು ಎವರ್‌ಗ್ಲೇಡ್ಸ್ ಜೌಗಿಗೆ ಬಡಿಯಿತು, 101 ಜನ ಸತ್ತರು. ಚಕ್ರ ಸರಿಯಾಗಿ ಇಳಿದಿತ್ತು, ಸುಟ್ಟದ್ದು ಬಲ್ಬು ಮಾತ್ರ. ಮೂವರು ಚಾಲಕ ಸಿಬ್ಬಂದಿಯಿದ್ದ ಕಾಕ್‌ಪಿಟ್‌ನಲ್ಲೇ ಹೀಗಾದರೆ ಒಬ್ಬನೇ ಚಾಲಕನಿರುವ ಸಣ್ಣ ವಿಮಾನದಲ್ಲಿ ಏನಾದೀತು, ಓದುಗರೇ ಊಹಿಸಲಿ.

ನಿಂತೇಹೋದ ಉಪಕರಣಕ್ಕಿಂತ ಸುಳ್ಳು ಹೇಳುವ ಉಪಕರಣ ಹೆಚ್ಚು ಕೆಟ್ಟದ್ದು. ರೆಕ್ಕೆಯ ಕೆಳಗೆ ಮುಂಚಾಚಿ, ಎದುರುಗಾಳಿಯ ಒತ್ತಡವನ್ನು ವೇಗಮಾಪಕಕ್ಕೆ ಒಯ್ಯುವ ಪಿಟೊ ಕೊಳವೆಯ ಬಾಯಿಯನ್ನೂ ನೀರು ಬಸಿಯುವ ಅದರ ರಂಧ್ರವನ್ನೂ ಕಣಜದ ಮಣ್ಣೋ ಮಂಜುಗಡ್ಡೆಯೋ ಮುಚ್ಚಿತೆಂದುಕೊಳ್ಳಿ. ಆಗ ವೇಗಮಾಪಕ ಎತ್ತರಮಾಪಕದಂತೆ ವರ್ತಿಸತೊಡಗುತ್ತದೆ: ಮೇಲೇರಿದಷ್ಟೂ ವೇಗ ಹೆಚ್ಚುತ್ತಿದೆ ಎಂದು ತೋರಿಸುತ್ತದೆ. ಅದನ್ನು ನಂಬಿದ ಚಾಲಕ ವೇಗ ತಗ್ಗಿಸಲೆಂದು ಮೂತಿಯನ್ನು ಇನ್ನಷ್ಟು ಎತ್ತುತ್ತಾನೆ, ರೆಕ್ಕೆಗೆ ಎತ್ತುವ ಶಕ್ತಿ ಉಳಿಯದೆ ವಿಮಾನ ಕುಸಿಯುವವರೆಗೂ ಎತ್ತುತ್ತಲೇ ಇರುತ್ತಾನೆ. 1996ರಲ್ಲಿ ಡೊಮಿನಿಕನ್ ಗಣರಾಜ್ಯದಿಂದ ಹೊರಟ ಬಿರ್ಗೆನ್‌ಏರ್ 301 ವಿಮಾನದ 189 ಜನರು ಸತ್ತದ್ದರ ಹಿಂದೆ ಇದ್ದದ್ದೂ ಮುಚ್ಚಿಹೋದ ಪಿಟೊ ಕೊಳವೆಯೇ. ತನ್ನ ಎದುರಿನ ವೇಗಮಾಪಕ ಕೆಲಸ ಮಾಡುತ್ತಿಲ್ಲವೆಂದು ರನ್‌ವೇಯಲ್ಲಿ ಓಡುವಾಗಲೇ ಕ್ಯಾಪ್ಟನ್‌ಗೆ ಗೊತ್ತಾಗಿತ್ತು, ಆದರೂ ವಿಮಾನವನ್ನು ಏರಿಸಿದರು. ಎಂಜಿನ್ನಿಗೆ ಇಷ್ಟು ಶಕ್ತಿ, ಮೂತಿಗೆ ಇಷ್ಟು ಕೋನ ಕೊಟ್ಟರೆ ಇಷ್ಟು ವೇಗ ಬರುತ್ತದೆ ಎಂಬ ಲೆಕ್ಕ ಕೈಗೆ ಅಭ್ಯಾಸವಾಗಿರುವವನು ವೇಗಮಾಪಕವಿಲ್ಲದೆಯೂ ಇಳಿಸಬಲ್ಲ. ವಿಮಾನದ ಪಕ್ಕದಲ್ಲಿದ್ದು ಸುತ್ತಲಿನ ಗಾಳಿಯ ಒತ್ತಡವನ್ನು ಮಾಪಕಗಳಿಗೆ ಒಯ್ಯುವ ಸ್ಥಿರ ಒತ್ತಡದ ರಂಧ್ರ ಮುಚ್ಚಿದರೆ ಪರ್ಯಾಯ ಗಾಳಿಯ ಕವಾಟ ತೆರೆಯಬೇಕು. ಅದಿಲ್ಲದ ಹಳೆಯ ವಿಮಾನಗಳಲ್ಲಿ, ಒಳಗಿನ ಗಾಳಿಯಾದರೂ ಮಾಪಕಗಳಿಗೆ ತಲುಪಲೆಂದು, ಏರಿಳಿತ ತೋರಿಸುವ ಮಾಪಕದ ಗಾಜನ್ನೇ ಒಡೆಯಿರಿ ಎಂದು ನಮಗೆ ಕಲಿಸುತ್ತಾರೆ. ಬಾಡಿಗೆ ವಿಮಾನದ ಗಾಜು ಒಡೆಯಲು ಎಷ್ಟು ಜನರಿಗೆ ಕೈ ಬಂದೀತೋ.

ಇವೆಲ್ಲಕ್ಕಿಂತ ನಾನು ಹೆದರುವುದು, ಹೊರಗೇನೂ ಕಾಣದಾಗ ವಿಮಾನ ಎತ್ತ ವಾಲಿದೆ ಎಂದು ತಿಳಿಯಲು ಕೃತಕ ದಿಗಂತವನ್ನು ತೋರಿಸುವ ಗೈರೊ (ವೇಗವಾಗಿ ತಿರುಗುವ ಚಕ್ರದ) ಉಪಕರಣಕ್ಕೆ. ಬಹಳಷ್ಟು ಹಳೆಯ ವಿಮಾನಗಳಲ್ಲಿ ಅದನ್ನು ತಿರುಗಿಸುವುದು ಎಂಜಿನ್ನಿಗೆ ಜೋಡಿಸಿದ ನಿರ್ವಾತ ಪಂಪು. ಎಣ್ಣೆಯಿಲ್ಲದೆ ನಡೆಯುವ ಒಣ ಪಂಪಿನ ಒಳಗಿನ ಇಂಗಾಲದ ಪಟ್ಟಿಗಳು ಯಾವ ಮುನ್ಸೂಚನೆಯೂ ಇಲ್ಲದೆ ಒಡೆಯುತ್ತವೆ. ಪಂಪು ನಿಂತ ಕೂಡಲೇ ಗೈರೊ ನಿಲ್ಲುವುದಿಲ್ಲ, ಕೆಲವು ನಿಮಿಷ ವೇಗ ಕಳೆದುಕೊಳ್ಳುತ್ತ ನಿಧಾನವಾಗಿ ವಾಲುತ್ತದೆ. ಮೋಡದೊಳಗಿರುವ ಚಾಲಕನು ವಿಮಾನವೇ ವಾಲಿತೆಂದು ಭ್ರಮಿಸಿ ಅದನ್ನು ‘ಸರಿಪಡಿಸುತ್ತ’ ಹೋಗುತ್ತಾನೆ. ಅಮೆರಿಕದ ಮಿಸೌರಿ ರಾಜ್ಯದ ಗವರ್ನರ್ ಮೆಲ್ ಕಾರ್ನಹಾನ್ 2000ದ ಅಕ್ಟೋಬರ್ 16ರ ರಾತ್ರಿ ಸತ್ತದ್ದು ಮಗ ಹಾರಿಸುತ್ತಿದ್ದ ಎರಡು ಎಂಜಿನ್ನಿನ ಸೆಸ್ನಾ 335ರಲ್ಲಿ. ಚಾಲಕನ ಎದುರಿದ್ದ ಈ ಉಪಕರಣ ಕೆಟ್ಟಿತ್ತು, ಹವಾಮಾನವೂ ಚೆನ್ನಾಗಿರಲಿಲ್ಲ, ಪಕ್ಕದ ಸೀಟಿನ ಎದುರಿನ ಉಪಕರಣ ಮಾತ್ರ ನಡೆಯುತ್ತಿತ್ತು. ತನಿಖೆಯವರು ಮುಖ್ಯ ಕಾರಣವೆಂದು ಬರೆದದ್ದು ದಿಕ್ಕುಗೆಟ್ಟ ಚಾಲಕ ವಿಮಾನದ ಹಿಡಿತ ಕಳೆದುಕೊಂಡದ್ದನ್ನು. ಉಪಕರಣದ ವೈಫಲ್ಯವನ್ನು ಅದಕ್ಕೆ ಪೂರಕವಾಗಿ ಒದಗಿದ ಕಾರಣವೆಂದರು. ಅದನ್ನು ‘ತಾಂತ್ರಿಕ ದೋಷ’ ಎಂದು ಬರೆದರೆ ಅರ್ಧ ಸತ್ಯವೂ ಆಗದು. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು, ಉಪಕರಣ ನೋಡಿ ಹಾರುವ ತರಬೇತಿ ಇಲ್ಲದ ಇಪ್ಪತ್ತು ಮಂದಿಯನ್ನು ಹೊರಗೇನೂ ಕಾಣದ ಸ್ಥಿತಿಯಲ್ಲಿ ಹಾರಿಸಿ ನೋಡಿದಾಗ ಅವರೆಲ್ಲರೂ ಹಿಡಿತ ಕಳೆದುಕೊಂಡರು, ಅದಕ್ಕೆ ಹಿಡಿದದ್ದು ಸರಾಸರಿ 178 ಸೆಕೆಂಡು. ಕೆಟ್ಟ ಉಪಕರಣ ಕಣ್ಣೆದುರಿಗೆ ಇರುವಷ್ಟು ಹೊತ್ತು ಕಣ್ಣು ಅದರತ್ತಲೇ ಹೊರಳುವುದರಿಂದ ಅದನ್ನು ಮುಚ್ಚಿಬಿಡಬೇಕು. ನಾನು ಅಂಗೈ ಅಗಲದ, ಅಂಟು ಬಳಿದ ಹಳದಿ ಕಾಗದವನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ಹಾರುತ್ತೇನೆ.

ಇನ್ನು, ಇಂಧನವನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್‌ನ ಮಂಜುಗಡ್ಡೆ. ತೇವದ ಗಾಳಿ ಇದ್ದರೆ ಹೊರಗೆ ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಹಿತವಾದ ವಾತಾವರಣದಲ್ಲೂ ಅದರ ಕೊರಳಿನಲ್ಲಿ ಮಂಜುಗಡ್ಡೆ ಕಟ್ಟಿ ಎಂಜಿನ್ ಉಸಿರುಗಟ್ಟುತ್ತದೆ ಎಂದರೆ ನೆಲದ ಮೇಲಿರುವವರು ನಂಬುವುದಿಲ್ಲ. ಅದನ್ನು ಕರಗಿಸಲೆಂದು ಕಾರ್ಬ್ಯುರೇಟರಿಗೆ ಬಿಸಿಗಾಳಿ ಬಿಟ್ಟ ತಕ್ಷಣ ಕರಗಿದ ನೀರು ಸಿಲಿಂಡರಿಗೆ ಹೋಗಿ ಎಂಜಿನ್ ಮೊದಲಿಗಿಂತ ಹೆಚ್ಚು ಕೆಮ್ಮುತ್ತದೆ. ಹೆದರಿದವನು ಬಿಸಿಗಾಳಿಯನ್ನು ನಿಲ್ಲಿಸಿಬಿಡುತ್ತಾನೆ, ತಾನೇ ಕೆಲಸ ಕೆಡಿಸಿದೆನೆಂದು ಭಾವಿಸಿ. ಹಾಗೆ ನಿಂತ ಎಂಜಿನ್ನನ್ನು ಮೆಕ್ಯಾನಿಕ್ ಮರುದಿನ ಬಿಚ್ಚಿ ನೋಡಿದರೆ ಯಾವ ದೋಷವೂ ಸಿಗುವುದಿಲ್ಲ, ಏಕೆಂದರೆ ಮಂಜು ಕರಗಿಹೋಗಿರುತ್ತದೆ. ನಿಜವಾಗಿಯೂ ಎಂಜಿನ್ ನಿಂತರೂ ವಿಮಾನ ಕಲ್ಲಿನಂತೆ ಬೀಳುವುದಿಲ್ಲ: ಸೆಸ್ನಾ 172ರಂಥ ವಿಮಾನವನ್ನು ಸುಮಾರು 65 ನಾಟ್ (ಗಂಟೆಗೆ ಸುಮಾರು 120 ಕಿಲೋಮೀಟರ್) ವೇಗದಲ್ಲಿ ಹಿಡಿದರೆ ಪ್ರತಿ ಸಾವಿರ ಅಡಿ ಎತ್ತರಕ್ಕೆ ಎರಡೂವರೆ ಕಿಲೋಮೀಟರಿಗೂ ಹೆಚ್ಚು ತೇಲುತ್ತದೆ.

ಹಾರುವಾಗ ಬಾಗಿಲು ತೆರೆದುಕೊಳ್ಳುವುದೂ ಹೀಗೆಯೇ. ಭಾರೀ ಸದ್ದು, ಗಾಳಿ, ಹಾರುವ ಕಾಗದ. ಹೆಚ್ಚಿನ ಸಣ್ಣ ವಿಮಾನಗಳು ಅದಕ್ಕೆ ಜಗ್ಗುವುದಿಲ್ಲ. ಬಾಗಿಲಿನತ್ತ ಕೈ ಚಾಚಿ ವೇಗ ಮರೆತವರು ಬಿದ್ದಿದ್ದಾರೆ. ಇಂಧನದ ಮುಳ್ಳನ್ನು ನಂಬಬಾರದು, ಟ್ಯಾಂಕಿನ ಮುಚ್ಚಳ ತೆಗೆದು ಕೋಲು ಅದ್ದಿ ಅಳೆಯಬೇಕು ಎಂಬುದನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ.

ಈಗಿನ ಪರದೆಗಳ ಕಾಕ್‌ಪಿಟ್ ಬಂದ ಮೇಲೆ ಇದೆಲ್ಲ ಹಳೆಯ ಕಥೆ ಎನ್ನುವ ಗೆಳೆಯರಿದ್ದಾರೆ. ಆ ಪರದೆಗಳು ಒಳ್ಳೆಯವೇ, ಕೆಟ್ಟ ಮಾಪನದ ಮೇಲೆ ಕೆಂಪು ಗುಣಾಕಾರ ಚಿಹ್ನೆ ಎಳೆದು ನಂಬಬೇಡವೆಂದು ತಾವೇ ಹೇಳುತ್ತವೆ. ಆದರೆ ಅವಕ್ಕೆ ವಿದ್ಯುತ್ ಬೇಕು. ನಾನು ಹೇಳಿದ ಆ ಸಂಜೆ ನನ್ನ ಎದುರು ಅಂಥ ಪರದೆ ಇದ್ದಿದ್ದರೆ, ಮೀಸಲು ಬ್ಯಾಟರಿ ಮುಗಿದ ಮೇಲೆ ಒಂದೆರಡು ಸಣ್ಣ ಮಾಪಕಗಳಷ್ಟೇ ಉಳಿಯುತ್ತಿದ್ದವು, ಅವನ್ನು ನೋಡಿ ಹಾರುವ ಅಭ್ಯಾಸ ನನಗೆ ಇರುತ್ತಿತ್ತೋ ಇಲ್ಲವೋ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಇಂಥ ಸುದ್ದಿ ಬರೆಯುವಾಗ ಕೆಟ್ಟದ್ದು ಯಾವ ಉಪಕರಣ, ಅದು ಕೆಟ್ಟದ್ದು ಚಾಲಕನಿಗೆ ಗೊತ್ತಾದದ್ದು ನೆಲದ ಮೇಲೋ ಗಾಳಿಯಲ್ಲೋ, ಅದೇ ದೋಷ ಮೊದಲೂ ಕಂಡು ಬರೆಯದೆ ಉಳಿದಿತ್ತೇ, ಗೊತ್ತಾದ ಮೇಲೆ ವಿಮಾನ ಎಷ್ಟು ಹೊತ್ತು ಹಾರಿತು ಎಂದು ನಿಮ್ಮ ವರದಿಗಾರರು ಕೇಳಲಿ. ಉತ್ತರ ಸಿಗದಿದ್ದರೆ ಕಾರಣ ಇನ್ನೂ ತಿಳಿದಿಲ್ಲ ಎಂದೇ ಅಚ್ಚು ಹಾಕಿ. ತನಿಖೆಯ ವರದಿ ಬರುವುದು ಎಷ್ಟೋ ತಿಂಗಳು ಕಳೆದ ಮೇಲೆ, ಎಲ್ಲರೂ ಮರೆತಿರುವಾಗ. ಆಗ, ಮೊದಲ ದಿನದ ಫೋಟೊಗೆ ಕೊಟ್ಟ ಜಾಗದ ಕಾಲುಭಾಗವನ್ನಾದರೂ ಅದಕ್ಕೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ಹವ್ಯಾಸಿ ವಿಮಾನ ಚಾಲಕ