ಲಾಕ್‌ಗಿಂತ ಮೊದಲು ಕರೆಂಟು ನೋಡು, ಪುಟ್ಟ

ಮಡಿಕೇರಿ

ಪ್ರೀತಿಯ ಪುಟ್ಟನಿಗೆ ಮಾವನ ಆಶೀರ್ವಾದ.

ಗೋಣಿಕೊಪ್ಪದ ನರ್ಸಿಂಗ್ ಹೋಮ್ ಕೆಲಸಕ್ಕೆ ನೀನು ಬರೆದ ಕೊಟೇಶನ್ ನೋಡಿದೆ. ಕರೆಂಟಿನ ಲಾಕ್ ಇರುವ ಎಂಟು ಬಾಗಿಲು, ಕಾರ್ಡ್ ಓದುವ ಎಂಟು ರೀಡರ್, ಲಾಕ್ ತೆರೆಯಲು ಹೇಳುವ ನಾಲ್ಕು ಬಾಗಿಲಿನ ಕಂಟ್ರೋಲರ್ ಎರಡು. ಚೊಕ್ಕವಾಗಿ ಬರೆದಿದ್ದೀಯ. ನಿನ್ನ ಅಮ್ಮನಿಗೂ ತೋರಿಸಿದೆ, ಖುಷಿಪಟ್ಟಳು. ಆದರೆ ಕೊನೆಯ ಸಾಲಿಗೆ ಬಂದಾಗ ನನ್ನ ಕಣ್ಣು ಅಲ್ಲೇ ನಿಂತಿತು. 12 ವೋಲ್ಟ್ 5 ಆಂಪಿಯರ್ ಪವರ್ ಸಪ್ಲೈ ಒಂದು, 7 ಎ.ಎಚ್. (ಆಂಪಿಯರ್-ಅವರ್) ಬ್ಯಾಟರಿ ಒಂದು. ರೀಡರ್ ಆರಿಸಲು ಒಂದು ವಾರ ತಗೊಂಡೆ ಅಲ್ವಾ? ಈ ಸಾಲಿಗೆ ಹತ್ತು ನಿಮಿಷವೂ ಕೊಟ್ಟಿಲ್ಲ ಅನಿಸುತ್ತದೆ. ಫೋನಿನಲ್ಲಿ ಹೇಳಿದರೆ "ಹೂಂ ಮಾವ" ಅಂತೀಯ, ಮರೆತುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಒಂದು ಕಾಗದ ತಗೊಂಡು ಕೂಡಿಸಿ ನೋಡು. ನೀನು ಹಾಕುವ ಮ್ಯಾಗ್ನೆಟಿಕ್ ಲಾಕ್ 12 ವೋಲ್ಟಿನಲ್ಲಿ ಸುಮಾರು ಅರ್ಧ ಆಂಪಿಯರ್ ಎಳೆಯುತ್ತದೆ. ಕರೆಂಟು ಇದ್ದರೆ ಮಾತ್ರ ಅದು ಬಾಗಿಲನ್ನು ಹಿಡಿದಿರುತ್ತದೆ, ಅದಕ್ಕೇ ಬಾಗಿಲು ಮುಚ್ಚಿರುವಷ್ಟು ಹೊತ್ತೂ ಎಳೆಯುತ್ತಲೇ ಇರುತ್ತದೆ. ಎಂಟಕ್ಕೆ 4 ಆಂಪಿಯರ್ ಆಯಿತು. ರೀಡರ್‌ಗೆ ತಲಾ 0.1 ಅಂದರೂ 0.8. ಕಂಟ್ರೋಲರ್ ಬೋರ್ಡ್ ಎರಡಕ್ಕೆ 0.6 ಇಟ್ಟುಕೋ. ಅಲ್ಲಿಗೆ 5.4. ಬ್ಯಾಟರಿ ಚಾರ್ಜ್ ಆಗಲು ಬೇಕಾದದ್ದು ಬೇರೆ. ಪವರ್ ಸಪ್ಲೈ ಡಬ್ಬ ಗೋಡೆಗೆ ಕೂರಿಸಿದ ದಿನವೇ ಅದರ ಶಕ್ತಿ ಮೀರಿರುತ್ತದೆ. ದೊಡ್ಡದೊಂದು ಹಾಕು ಅಂತಲೂ ನಾನು ಹೇಳುವುದಿಲ್ಲ. ನಾಲ್ಕು ನಾಲ್ಕು ಬಾಗಿಲಿಗೆ ಒಂದೊಂದು 5 ಆಂಪಿಯರಿನದು ಹಾಕು. ಒಂದು ಸತ್ತರೂ ಇನ್ನರ್ಧ ಆಸ್ಪತ್ರೆ ನಡೆಯುತ್ತದೆ. ಪ್ರತಿ ಬಾಗಿಲಿನ ಲೈನಿಗೂ ಬೇರೆ ಫ್ಯೂಸ್ ಇರಲಿ. ಒಂದು ಬಾಗಿಲಲ್ಲಿ ಶಾರ್ಟ್ ಆದರೆ ಉಳಿದ ಮೂರು ಮಲಗಬಾರದು.

ವೈರಿನ ಮಾತು. ಮಿಕ್ಕ ಕ್ಯಾಟ್ ಸಿಕ್ಸ್ ನೆಟ್‌ವರ್ಕ್ ಕೇಬಲಿನಲ್ಲೇ ಲಾಕ್‌ಗೂ ಕರೆಂಟು ಕೊಡುತ್ತೇನೆ ಅಂದಿದ್ದೆ. ಬೇಡ. ಅದರ ಎಳೆ ತುಂಬಾ ಸಣ್ಣ. 40 ಮೀಟರ್ ದೂರ ಒಂದು ಜೋಡಿಯಲ್ಲಿ ಹೋಗಿ ಬರುವಷ್ಟರಲ್ಲಿ 12 ವೋಲ್ಟ್ 10ರ ಹತ್ತಿರ ಇಳಿಯುತ್ತದೆ. ಲಾಕ್‌ನ ಹಿಡಿತ ಸಡಿಲವಾಗುತ್ತದೆ. ಆಮೇಲೆ ನೀನು ಲಾಕ್ ಸರಿಯಿಲ್ಲ ಅಂತ ಬದಲಾಯಿಸುತ್ತಾ ಕೂರುತ್ತೀಯ. ಅದೇ ದೂರಕ್ಕೆ 1.5 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿದರೆ ಕಳೆಯುವುದು ಅರ್ಧ ವೋಲ್ಟ್ ಅಷ್ಟೇ. ಲಾಕ್ 24 ವೋಲ್ಟಿನಲ್ಲೂ ನಡೆಯುವಂಥದ್ದಾದರೆ ಇನ್ನೂ ಒಳ್ಳೆಯದು, ಆಂಪಿಯರ್ ಅರ್ಧಕ್ಕೆ ಇಳಿಯುತ್ತದೆ.

ಈಗ ಹೇಳುವುದನ್ನು ನಾನು ಮನೆಯಲ್ಲಿ ಯಾರ ಹತ್ತಿರವೂ ಹೆಚ್ಚು ಹೇಳಿಲ್ಲ. ಬಹಳ ವರ್ಷದ ಹಿಂದೆ ವಿರಾಜಪೇಟೆಯ ಒಂದು ಕಚೇರಿಗೆ ನಾನೇ ಈ ಕೆಲಸ ಮಾಡಿಕೊಟ್ಟಿದ್ದೆ. ಕಡತ ಇಡುವ ಕೋಣೆಗೂ ಮ್ಯಾಗ್ನೆಟಿಕ್ ಲಾಕ್. ಎರಡು ವರ್ಷ ಒಂದು ದೂರೂ ಇರಲಿಲ್ಲ. ಜೋರು ಮಳೆಯ ಕಕ್ಕಡ ತಿಂಗಳ ಒಂದು ಸಂಜೆ ಫೋನ್ ಬಂತು. ಅಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಆ ಕೋಣೆಯೊಳಗೆ ಸಿಕ್ಕಿಕೊಂಡಿದ್ದಾರೆ. ಎಕ್ಸಿಟ್ ಬಟನ್ ಒತ್ತಿದರೆ ಹಸಿರು ದೀಪ ಬರುತ್ತದೆ, ಬೀಪ್ ಅನ್ನುತ್ತದೆ, ಬಾಗಿಲು ಮಾತ್ರ ಬರುವುದಿಲ್ಲ. ಮೇನ್ ಆಫ್ ಮಾಡಿ ಅಂದೆ. ಮಾಡಿದರು. ಕೋಣೆ ಕತ್ತಲಾಯಿತು. ಬಾಗಿಲು ಹಾಗೇ ಇತ್ತು, ಯಾಕೆಂದರೆ ನಾನು ಹಾಕಿದ ಬ್ಯಾಟರಿ ಲಾಕ್ ಅನ್ನು ಹಿಡಿದುಕೊಂಡಿತ್ತು. ಪವರ್ ಸಪ್ಲೈ ಡಬ್ಬ ಆ ಕೋಣೆಯೊಳಗೇ ಇತ್ತು. ಅದಕ್ಕೆ ಬೀಗ ಹಾಕಿ ಬೀಗದ ಕೈ ನನ್ನ ಹತ್ತಿರ ಇಟ್ಟುಕೊಂಡಿದ್ದೆ.

ಆ ಮಳೆಯಲ್ಲಿ ಮೂರ್ನಾಡು ದಾಟಿ ಜೀಪ್ ಓಡಿಸಿದ್ದು ಈಗಲೂ ನೆನಪಿದೆ. ನಾನು ಮುಟ್ಟುವಷ್ಟರಲ್ಲಿ ಆ ಹೆಂಗಸೇ ಒಳಗಿದ್ದ ಕಬ್ಬಿಣದ ಸ್ಕೇಲಿನಿಂದ ಡಬ್ಬದ ಮುಚ್ಚಳ ಎಬ್ಬಿಸಿ, ಬ್ಯಾಟರಿಯ ಕೆಂಪು ವೈರ್ ಕಿತ್ತು ಹೊರಗೆ ಬಂದಿದ್ದರು. ಮೊಬೈಲಿನ ಬೆಳಕಲ್ಲಿ. ನನಗೆ ಬೈಯಲಿಲ್ಲ. ಕೈ ನಡುಗುತ್ತಿತ್ತು ಅಷ್ಟೇ. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಆಮೇಲೆ ಬೋರ್ಡ್ ಬಿಚ್ಚಿ ನೋಡಿದೆ. ರಿಲೇ, ಅಂದರೆ ಲಾಕ್‌ಗೆ ಕರೆಂಟು ಕೊಟ್ಟು ಕಡಿಯುವ ಸ್ವಿಚ್, ಅದರ ಕಾಂಟ್ಯಾಕ್ಟ್ ಎರಡೂ ಅಂಟಿಕೊಂಡಿದ್ದವು. ಲಾಕ್ ಅಂದರೆ ಒಳಗೆ ದೊಡ್ಡ ಸುರುಳಿ ತಾನೇ. ಕರೆಂಟು ಕಡಿದಾಗಲೆಲ್ಲ ಅದು ಹಿಂದಕ್ಕೆ ಒಂದು ಏಟು ಕೊಡುತ್ತದೆ. ಬಾಗಿಲು ತೆರೆದಾಗಲೆಲ್ಲ ರಿಲೇಯಲ್ಲಿ ಕಿಡಿ. ಸಾವಿರಾರು ಕಿಡಿಯಾದ ಮೇಲೆ ಕಾಂಟ್ಯಾಕ್ಟ್ ಕರಗಿ ಬೆಸೆದುಕೊಳ್ಳುತ್ತದೆ. ಲಾಕ್‌ನ ಎರಡು ಕಾಲಿಗೆ ಅಡ್ಡಲಾಗಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಹಾಕಿದ್ದರೆ ಆ ಏಟು ಅಲ್ಲೇ ಸುತ್ತಿ ಸಾಯುತ್ತಿತ್ತು. 1ಎನ್4007, ಚಿಲ್ಲರೆ ದುಡ್ಡಿನ ಸಾಮಾನು. ಬಿಳಿ ಪಟ್ಟಿ ಪ್ಲಸ್ ಕಡೆಗೆ. ಈಗಿನ ಕೆಲವು ಲಾಕ್‌ಗಳಲ್ಲಿ ಒಳಗೇ ಇರುತ್ತದೆ. ಇದೆ ಅಂತ ಸುಮ್ನೆ ನಂಬಬೇಡ, ಜೊತೆಗೆ ಬರುವ ಕಾಗದ ಓದು.

ಡಯೋಡ್ ಹಾಕಿದರೂ ರಿಲೇ ಮೇಲೆ ಒಬ್ಬರ ಜೀವ ಬಿಡಬೇಡ. ಎಕ್ಸಿಟ್ ಬಟನ್ ಕಂಟ್ರೋಲರ್‌ಗೆ ಹೋಗಲಿ, ಅದು ದಿನದ ಬಳಕೆಗೆ. ಅದರ ಪಕ್ಕದಲ್ಲೇ ಹಸಿರು ಡಬ್ಬದ ತುರ್ತು ಸ್ವಿಚ್ ಕೊಡು. ಅದು ಲಾಕ್‌ಗೆ ಹೋಗುವ ವೈರನ್ನೇ ನೇರವಾಗಿ ಕಡಿಯಬೇಕು. ನಡುವೆ ಬೋರ್ಡ್ ಬೇಡ, ಸಾಫ್ಟ್‌ವೇರ್ ಬೇಡ. ಫೈರ್ ಅಲಾರಂ ಕೂಡ ಹಾಗೇ. ಅದು ಬ್ಯಾಟರಿ ಆದಮೇಲಿನ ಲೈನನ್ನು ಕಡಿಯಬೇಕು. 230 ವೋಲ್ಟಿನ ಮೇನ್ ಮಾತ್ರ ಕಡಿದರೆ ಏನಾಗುತ್ತದೆ ಅಂತ ಈಗ ಗೊತ್ತಾಯಿತಲ್ಲ. ಅಲಾರಂ ಪ್ಯಾನೆಲ್‌ನ ಸಣ್ಣ ರಿಲೇ ಮೇಲೆ ಎಲ್ಲ ಲಾಕ್‌ಗಳ ಭಾರ ಹೊರಿಸಬೇಡ, ನಡುವೆ ದಪ್ಪ ರಿಲೇ ಒಂದು ಇರಲಿ. ಹೊರಹೋಗುವ ಬಾಗಿಲು ಒಳಗಿನಿಂದ ಕೀ ಇಲ್ಲದೆ ತೆರೆಯಬೇಕು ಅಂತ 2016ರ ನ್ಯಾಷನಲ್ ಬಿಲ್ಡಿಂಗ್ ಕೋಡ್ ಕೂಡ ಹೇಳುತ್ತದೆ. ಇದು ಆಸ್ಪತ್ರೆ, ಪುಟ್ಟ. ಒಳಗಿರುವವರು ಓಡಲಾರದವರು.

ಬ್ಯಾಟರಿ ವಿಷಯ. 7 ಎ.ಎಚ್. ಅನ್ನುವುದು 20 ಗಂಟೆ ನಿಧಾನವಾಗಿ ಎಳೆದಾಗಿನ ಲೆಕ್ಕ. ನಾಲ್ಕು ಬಾಗಿಲಿಗೆ 2.7 ಆಂಪಿಯರ್ ಎಳೆದರೆ ಎರಡು ಗಂಟೆ ಬಂದರೆ ಹೆಚ್ಚು. ನಮ್ಮ ಮಳೆಗಾಲ ನಿನಗೆ ಗೊತ್ತು. ಮರ ಬಿದ್ದು ಲೈನ್ ಹರಿದರೆ ಎರಡು ಗಂಟೆಗೆ ಬರುವ ಕರೆಂಟಾ? 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಎಷ್ಟೋ ಊರುಗಳಲ್ಲಿ ದಿನಗಟ್ಟಲೆ ಇರಲಿಲ್ಲ. ಜನರೇಟರ್ ಲೈನಿನಿಂದಲೇ ಪವರ್ ಸಪ್ಲೈಗೆ ಕೊಡಿಸು, 18 ಎ.ಎಚ್. ಬ್ಯಾಟರಿ ಇಡು. ಚಾರ್ಜಿಂಗ್ ವೋಲ್ಟೇಜ್ 13.5ರಿಂದ 13.8ರ ಒಳಗೆ ಇದೆಯಾ ಅಂತ ಮೀಟರ್ ಹಿಡಿದು ನೋಡು.

ಎಲ್ಲ ಬಾಗಿಲಿಗೂ ಒಂದೇ ಲಾಕ್ ಯಾಕೆ? ಔಷಧಿ ಕೋಣೆಗೆ ಮ್ಯಾಗ್ನೆಟ್ ಹಾಕಿದರೆ ಬ್ಯಾಟರಿ ಮುಗಿದ ರಾತ್ರಿ ಅದು ತೆರೆದು ಕೂರುತ್ತದೆ. ಅಲ್ಲಿಗೆ ಕರೆಂಟು ಹೋದರೂ ಹೊರಗಿನಿಂದ ಬೀಗವಾಗಿಯೇ ಇರುವ ಸ್ಟ್ರೈಕ್ (ಚೌಕಟ್ಟಿನಲ್ಲಿ ಕೂರುವ ಕರೆಂಟಿನ ಲಾಕ್) ಹಾಕು, ಒಳಗಿನಿಂದ ಹಿಡಿ ತಿರುಗಿಸಿದರೆ ತೆರೆಯುವಂತೆ. ಅದಕ್ಕೆ ತೆರೆಯುವಾಗ ಮಾತ್ರ ಕರೆಂಟು ಸಾಕು, ಬ್ಯಾಟರಿಗೂ ಹಗುರ. ರೋಗಿಗಳು ಓಡಾಡುವ ಕಡೆ ಮಾತ್ರ ಮ್ಯಾಗ್ನೆಟ್.

ಮರದ ಬಾಗಿಲು ಮಳೆಗಾಲದಲ್ಲಿ ಉಬ್ಬುತ್ತದೆ. ಅದಕ್ಕೇ ಲಾಕ್‌ನ ಕಬ್ಬಿಣದ ಪಟ್ಟಿಯನ್ನು ಬಿಗಿಯಾಗಿ ತಿರುಪಬೇಡ, ರಬ್ಬರ್ ವಾಷರ್ ಮೇಲೆ ಸ್ವಲ್ಪ ಅಲುಗಾಡಲಿ. ಹಿಂದಿನ ಕಟ್ಟಡಕ್ಕೂ ಲೈನ್ ಎಳೆಯುವುದಿದ್ದರೆ ಫೈಬರ್ ಹಾಕು. ಕಾಫಿ ಹೂ ಮಳೆಯ ಜೊತೆ ಬರುವ ಗುಡುಗು ಸಿಡಿಲು ತಾಮ್ರದ ವೈರ್ ಹಿಡಿದು ಎರಡೂ ಬೋರ್ಡ್ ಸುಟ್ಟುಬಿಡುತ್ತದೆ. ಕಂಟ್ರೋಲರ್ ಡಬ್ಬ ಒಳಗಡೆ ಇರಲಿ, ಹೊರಗೋಡೆಯಲ್ಲಿ ರೀಡರ್ ಮಾತ್ರ. ಪವರ್ ಸಪ್ಲೈ ಡಬ್ಬ ಬೀಗ ಬೀಳುವ ಯಾವ ಕೋಣೆಯಲ್ಲೂ ಬೇಡ. ಅದರ ಒಂದು ಬೀಗದ ಕೈ ನರ್ಸ್‌ಗಳ ಮೇಜಿನಲ್ಲಿ ಇರಲಿ.

ಇಷ್ಟಕ್ಕೆಲ್ಲ ಬೆಲೆ ಜಾಸ್ತಿ ಆಗುತ್ತದೆ, ಕೆಲಸ ಕೈ ತಪ್ಪುತ್ತದೆ ಅಂತ ಹೆದರಬೇಡ. ನಾನೂ ಜೊತೆಗೆ ಬಂದು ಆಡಳಿತದವರ ಹತ್ತಿರ ಮಾತಾಡುತ್ತೇನೆ. ಕೆಲಸ ಒಪ್ಪಿಸುವ ದಿನ ಮೇನ್ ಆಫ್ ಮಾಡಿ, ಪ್ರತಿ ಕೋಣೆಯೊಳಗೂ ನೀನೇ ನಿಂತು ಬಾಗಿಲು ತೆರೆದು ನೋಡು. ಹೊರಗೆ ನಾನು ನಿಂತಿರುತ್ತೇನೆ.

ಕೊಟೇಶನ್ ತಿದ್ದಿ ಶನಿವಾರದೊಳಗೆ ಕಳಿಸು. ಭಾನುವಾರ ಮನೆಗೆ ಬಾ. ಆ ಹಳೆಯ ರಿಲೇ ಇನ್ನೂ ನನ್ನ ಟೂಲ್ ಬ್ಯಾಗಿನಲ್ಲಿದೆ, ತೋರಿಸುತ್ತೇನೆ.

ನಿನ್ನ ಮಾವ