ಬೇಲೂರು ಬಸ್ಸಲ್ಲಿ ಸಿಕ್ಕಿದ ಅಣ್ಣಂಗೆ ಥ್ಯಾಂಕ್ಸ್

ಹಾಸನದಿಂದ ಚಿಕ್ಕಮಗಳೂರಿಗೆ ಬರುವಾಗ ಪಕ್ಕದಲ್ಲಿ ಕೂತು ಇಂಗ್ಲೆಂಡಿನ ಡ್ರಮ್ಮರ್ ಬಿಲ್ ಬ್ರೂಫರ್ಡ್ ಅವರ ಡ್ರಮ್ಸ್ ಕೇಳಿಸಿದ ಅಣ್ಣಾ, ಹೆಸರು ಕೇಳೋಷ್ಟರಲ್ಲಿ ನೀವು ಬೇಲೂರಲ್ಲಿ ಇಳಿದ್ಬಿಟ್ರಿ, ಅದಕ್ಕೇ ಇಲ್ಲಿ ಬರೀತಿದೀನಿ. ಅವರು ನುಡಿಸಿದ ಕಿಂಗ್ ಕ್ರಿಮ್ಸನ್ ರಾಕ್ ಬ್ಯಾಂಡಿನ 1981ರ ಫ್ರೇಮ್ ಬೈ ಫ್ರೇಮ್ ಹಾಡಲ್ಲಿ ಬರೋ ಏಳರ ಲೆಕ್ಕ ನಂಗೆ ಹಿಡಿತಕ್ಕೇ ಸಿಗ್ತಿರ್ಲಿಲ್ಲ, ನೀವು ಮುಂದಿನ ಸೀಟಿನ ಕಂಬಿ ಮೇಲೆ ತಕಿಟ ತಕಧಿಮಿ ಅಂತ ಕರ್ನಾಟಕ ಸಂಗೀತದ ಏಳೆಣಿಕೆಯ ಮಿಶ್ರಛಾಪು ತಾಳ ತಟ್ಟಿ ತೋರಿಸಿದ್ರಲ್ಲ, ಆಗ ಕಿವಿ ತೆರೀತು ನೋಡಿ. ಬ್ರೂಫರ್ಡ್ ತಾವಿದ್ದ ಯೆಸ್ ಬ್ಯಾಂಡ್ ಜೋರಾಗಿ ಹೆಸರು ಮಾಡ್ತಿರುವಾಗ್ಲೇ 1972ರಲ್ಲಿ ಅದನ್ನ ಬಿಟ್ಟು ಕಿಂಗ್ ಕ್ರಿಮ್ಸನ್‌ಗೆ ಹೋಗಿ, ಆಮೇಲೆ 1986ರಲ್ಲಿ ಅರ್ತ್‌ವರ್ಕ್ಸ್ ಅಂತ ಜಾಝ್ ತಂಡ ಕಟ್ಟಿ ಎಲೆಕ್ಟ್ರಾನಿಕ್ ಡ್ರಮ್ಸಲ್ಲೇ ಸ್ವರಾನೂ ನುಡಿಸಿದ್ರು ಅಂದ್ರೆ ಅದೆಂಥ ಧೈರ್ಯ ಅಣ್ಣಾ! ಅವರ ಸ್ನೇರ್ ಡ್ರಮ್ಮಿನ ಸದ್ದಂತೂ ಎಲ್ಲಿ ಕೇಳಿದ್ರೂ ಗುರ್ತು ಸಿಗುತ್ತೆ ಈಗ. ತುಂಬಾ ತುಂಬಾ ಥ್ಯಾಂಕ್ಸ್, ಚಿಕ್ಕಮಗಳೂರಿಗೆ ಬಂದ್ರೆ ಕಾಫಿಗೆ ಖಂಡಿತ ಸಿಗಿ.